ಹಳೇ ಗಿಟಾರಿಸ್ಟ್ ಬಿಟ್ಟು ಹೋಗ್ಯಾನ: ಅವನಂಗ ಬಾರಿಸ್ಲೋ, ನನ್ನಂಗ ಬಾರಿಸ್ಲೋ? ಅನುಭವ ಇದ್ದವ್ರು ಹೇಳ್ರಿ

ಹೊಸಾ ಗಿಟಾರು, ಹುಬ್ಬಳ್ಳಿ:
ಇಂಗ್ಲೆಂಡಿನ ರಾಕ್ ಬ್ಯಾಂಡ್ ಡೀಪ್ ಪರ್ಪಲ್ ಹಾಡು ಬಾರಿಸೋ ಇಲ್ಲೇ ಒಂದು ಕವರ್ ಬ್ಯಾಂಡಿಗೆ ಸೇರೇನ್ರಿ. ಮೊದಲಿನ ಗಿಟಾರಿಸ್ಟ್ ನೌಕರಿ ಸಿಕ್ತು ಅಂತ ಪುಣೆಕ್ಕ ಹೋದ. ಅವ ಪರ್ಪಲ್ ಬ್ಯಾಂಡಿನ ಮೊದಲಿನ ಗಿಟಾರಿಸ್ಟ್ ರಿಚೀ ಬ್ಲ್ಯಾಕ್‌ಮೋರ್‌ನ ಸೋಲೋ (ಗಿಟಾರ್ ಒಂದ ಮುಂದ ಬರೂ ಭಾಗ) ಒಂದು ಸ್ವರ ಸೈತ ಬಿಡದಂಗ ಬಾರಿಸ್ತಿದ್ದ. ನನ್ನ ಕೈ ಆ ಬ್ಯಾಂಡಿಗೆ ಆಮ್ಯಾಲೆ ಬಂದ ಸ್ಟೀವ್ ಮೋರ್ಸ್ ಕಡೆ ಓಡ್ತದ. ಮುಂದಿನ ತಿಂಗಳು ಕಾಲೇಜ್ ಶೋ ಐತಿ, ‘ಹೈವೇ ಸ್ಟಾರ್’, ‘ಸ್ಮೋಕ್ ಆನ್ ದ ವಾಟರ್’ ಎರಡೂ ಅದಾವ. ಹಂಬಕರ್ (ಎರಡು ಕಾಯಿಲಿನ ಪಿಕಪ್) ಗಿಟಾರು, ಧ್ವನಿ ಬದಲಿಸೋ ಒಂದು ಸಣ್ಣ ಪ್ರೊಸೆಸರ್, ಇಷ್ಟ ನನ್ನ ಆಸ್ತಿ. ಏನ್ ಮಾಡ್ಲಿ?

ಸಪ್ತಾಪುರ ಸ್ಟ್ರಾಟ್:
ಇದ್ದಂಗ ಬಾರಿಸು. ಇದ್ರಾಗ ಕೇಳೋದೇನೈತಿ? ‘ಹೈವೇ ಸ್ಟಾರ್’ ಸೋಲೋ ಬ್ಲ್ಯಾಕ್‌ಮೋರ್ ಸ್ಟುಡಿಯೋದಾಗ ನಿಂತು ತೋಚಿದಂಗ ಬಾರಿಸಿದ್ದಲ್ಲ. ಜರ್ಮನಿಯ ಹಳೇ ಸಂಗೀತಗಾರ ಬಾಖ್‌ನ ನಡಿಗಿ ಹಿಡಿದು ಮೊದಲ ಕಟ್ಟಿಟ್ಕೊಂಡಿದ್ದು. ಕಟ್ಟಿದ್ದನ್ನ ಕೆಡವಾಕ ನಾವ್ಯಾರು?

ನನ್ನ ಕಥಿ ಕೇಳು. ಹಂಬಕರಿನಾಗ ಆ ಧ್ವನಿ ಬರೂದಿಲ್ಲಂತ ಬೆಂಗಳೂರಿಂದ ಸೆಕೆಂಡ್‌ಹ್ಯಾಂಡ್ ಸ್ಟ್ರಾಟ್ (ಬ್ಲ್ಯಾಕ್‌ಮೋರ್ ಬಾರಿಸ್ತಿದ್ದಂಥ ಸಿಂಗಲ್ ಕಾಯಿಲ್ ಗಿಟಾರು) ತರಿಸ್ದೆ, 58,000. ಮನ್ಯಾಗ ಫ್ರಿಜ್ಜಿಗೆ ಅಂತ ಇಟ್ಟ ರೊಕ್ಕ ಅದು, ಇವತ್ತಿಗೂ ಅದರ ಮಾತು ಕೇಳಬೇಕು. ಬ್ಲ್ಯಾಕ್‌ಮೋರ್ ಫ್ರೆಟ್‌ಬೋರ್ಡ್ ಸ್ಕ್ಯಾಲಪ್ ಮಾಡಿದ್ದಂತ (ಫ್ರೆಟ್ಟುಗಳ ನಡುವಿನ ಕಟಿಗಿ ಕೆತ್ತಿ ತಗ್ಗು ಮಾಡೋದು) ನಾನೂ ಒಬ್ಬ ರಿಪೇರಿಯವನ ಕೈಯಾಗ ಕೊಟ್ಟೆ. ಮಜೂರಿ 6,500. ಆ ಪುಣ್ಯಾತ್ಮ ಹನ್ನೆರಡನೇ ಫ್ರೆಟ್ಟಿನ ಹತ್ರ ಕಟಿಗಿ ಎಷ್ಟು ಆಳ ತಗದಾನಂದ್ರ, ಬೆರಳು ಇಟ್ರ ಸ್ವರ ಏರ್ತದ. ಹೊಸಾ ನೆಕ್ಕಿಗೆ 14,000, ಕೊರಿಯರ್ 900, ಮತ್ತ ಸೆಟಪ್ಪಿಗೆ 1,800. ಆಮ್ಯಾಲೆ ಸಿಂಗಲ್ ಕಾಯಿಲ್ ‘ಗುಂಯ್’ ಅನ್ನಾಕ ಹತ್ತು, ಹಾಲಿನ ಡಿಮ್ಮರ್ ಲೈಟ್ ಹಚ್ಚಿದ್ರ ಇನ್ನೂ ಜೋರು. ನಾಯ್ಸ್ ಗೇಟಿಗೆ 4,200. ಆದ್ರ ಈಗ ಕಣ್ಣು ಮುಚ್ಚಿ ಕೇಳಿದ್ರ 1972ರ ರೆಕಾರ್ಡು. ಇಷ್ಟು ಖರ್ಚು ಮಾಡಾಕ ತಯಾರಿಲ್ಲಂದ್ರ ಪರ್ಪಲ್ ಮುಟ್ಟಬ್ಯಾಡ.

ಗದಗಿನ ಆರನೇ ತಂತಿ:
ಸಪ್ತಾಪುರದವ್ರ, 1972ರ ರೆಕಾರ್ಡ್ ಅಂತೀರಿ. ಅದೇ ವರ್ಷ ಆಗಸ್ಟ್‌ನ್ಯಾಗ ಒಸಾಕಾ, ಟೋಕಿಯೋದಾಗ ಬಾರಿಸಿದ್ದು ‘ಮೇಡ್ ಇನ್ ಜಪಾನ್’ ಅನ್ನೋ ಲೈವ್ ರೆಕಾರ್ಡ್ ಆತು. ಅದನ್ನ ಕೇಳೀರೇನು? ಬ್ಲ್ಯಾಕ್‌ಮೋರ್‌ನ ಬ್ಲ್ಯಾಕ್‌ಮೋರ್‌ನಂಗ ಬಾರಿಸಿಲ್ಲ ಅಲ್ಲಿ.

ನಾನು ಸಣ್ಣಾವಿದ್ದಾಗ ಸಿತಾರ್ ಹಿಡಿದಾಂವ, ಗಿಟಾರ್ ಆಮ್ಯಾಲೆ ಬಂತು. ನಮ್ಮ ಗದುಗಿನ ಭೀಮಸೇನ ಜೋಶಿಯವ್ರು ಕುಂದಗೋಳದಾಗ ಸವಾಯಿ ಗಂಧರ್ವರ ಹತ್ರ ಕಲ್ತರು. ಗಂಗೂಬಾಯಿಯವ್ರೂ ಅದೇ ಗುರುಗಳ ಶಿಷ್ಯೆ. ಇಬ್ಬರ ಹಾಡಿಕಿ ಒಂದ ಅಂತ ಯಾರರ ಅಂದಾರೇನು? ಬಂದೀಶ್ (ಕಟ್ಟಿಟ್ಟ ಚೀಜು) ಒಂದ, ಬಢತ್ (ಅದನ್ನ ಬೆಳೆಸೋದು) ಅವರವರದು. ರಿಫ್, ಅಂದ್ರ ಹಾಡಿನಾಗ ಮತ್ತ ಮತ್ತ ಬರೂ ಗಿಟಾರಿನ ತುಣುಕು, ಬಂದೀಶ್ ಇದ್ದಂಗ. ಅದನ್ನ ಮುಟ್ಟಬ್ಯಾಡ, ಸೋಲೋ ನಿಂದು. ಮೋರ್ಸ್ 1994ರಿಂದ 2022ರ ತನಕ ಇದ್ದ. ಬ್ಲ್ಯಾಕ್‌ಮೋರ್ ಎರಡೂ ಸಲ ಸೇರಿಸಿದ್ರೂ ಅಷ್ಟು ವರ್ಷ ಇರಲಿಲ್ಲ. ‘ಸ್ಮೋಕ್’ ಮೊದ್ಲು ಬ್ಯಾರೆ ಬ್ಯಾಂಡುಗಳ ರಿಫ್ ಒಂದರ ಹಿಂದೊಂದು ಬಾರಿಸಿ ಮಂದೀನ ಕುಣಿಸಿ, ಆಮ್ಯಾಲೆ ಹಾಡಿಗೆ ಬರ್ತಿದ್ದ ಅಂವ.

ನನಗಾದ ಪೆಟ್ಟು ಬ್ಯಾರೆ. ಒಂದು ಗಣಪತಿ ಕಾರ್ಯಕ್ರಮಕ್ಕ 12,000 ಮಾತಾಗಿತ್ತು. ಸೋಲೋ ನನ್ನಂಗ ಬಾರಿಸ್ದೆ, ಮಂದಿ ಚಪ್ಪಾಳಿ ಹೊಡದ್ರು. ಇಳದು ಬಂದ್ರ ಕಮಿಟಿಯಾಂವ 7,000 ಎಣಿಸಿ ಕೊಟ್ಟ, ‘ಮೊಬೈಲಿನ್ಯಾಗ ಇದ್ದಂಗ ಬರಲಿಲ್ಲಲ್ರೀ’ ಅಂದ. ಗಾಡಿ ಬಾಡಿಗಿನ 3,200 ಆಗಿತ್ತು, ಡ್ರಮ್ಮರಗ 2,000, ಊಟದ್ದು 640. ಉಳಿದದ್ದು ನೀವ ಲೆಕ್ಕ ಹಾಕ್ರಿ. ಆದ್ರೂ ಬದಲಿ ಮಾಡಿಲ್ಲ, ಮಾಡೂದೂ ಇಲ್ಲ.

ಸಪ್ತಾಪುರ ಸ್ಟ್ರಾಟ್:
ಕಮಿಟಿಯಾಂವಗ ನಿಮಗಿಂತ ಕಿವಿ ಚಲೋ ಐತಿ. ಎಲ್ಲಾದಕ್ಕೂ ನಿಮ್ಮ ಸವಾಯಿ ಗಂಧರ್ವರ ಕಿರಾಣಾ ಘರಾಣಾ ತಂದು ಹಚ್ಚಬ್ಯಾಡ್ರಿ.

ಗದಗಿನ ಆರನೇ ತಂತಿ:
ಧಾರವಾಡದಾಗ ಕುಂತು ಈ ಮಾತು ಆಡ್ತೀರಲ್ಲ, ಹೊರಗ ಬಂದು ಜೋರಾಗಿ ಹೇಳ್ರಿ ನೋಡೂಣು.

ವಿದ್ಯಾನಗರ ಬೇಸ್:
ಇಬ್ಬರೂ ಗಿಟಾರಿಸ್ಟ್, ಅದಕ್ಕ ಇಬ್ಬರಿಗೂ ಉಳಿದವ್ರು ಕಾಣವಲ್ರು. ನಾನು ಹಿಂದ ನಿಂತಾಂವ, ಕೇಳ್ರಿ.

ನಮ್ಮ ಬ್ಯಾಂಡಿಗೂ ಹಿಂಗ ಒಬ್ಬ ಹೊಸಬ ಬಂದ. ಕೈ ಭಾಳ ಚಲೋ. ‘ಹೈವೇ ಸ್ಟಾರ್’ನಾಗ ಮೊದಲ ಆರ್ಗನ್ ಸೋಲೋ, ಆಮ್ಯಾಲೆ ಗಿಟಾರು, ಆಮ್ಯಾಲೆ ಹಾಡೂಂವ ಒಳಗ ಬರಬೇಕು. ನಮ್ಮ ಡ್ರಮ್ಮರ್ ಯಾವತ್ತೂ ಬಾರ್ (ತಾಳದ ಆವರ್ತ) ಎಣಿಸಿದವನಲ್ಲ. ಹಳೇ ಗಿಟಾರಿಸ್ಟನ ಸೋಲೋದಾಗ ಕೊನೀಗೆ ಬರೂ ಓಟ ಕೇಳಿ ಫಿಲ್ (ಭಾಗ ಬದಲಾಗೋ ಮುಂದ ಬರೂ ಡ್ರಮ್ಮಿನ ತುಣುಕು) ಹೊಡೀತಿದ್ದ. ಹೊಸಬ ಆ ಓಟನ ತಗದ! ಶೋದಾಗ ಡ್ರಮ್ಮರ್ ಕಾಯ್ತಾನ, ಹಾಡೂಂವ ಮೈಕ್ ಹಿಡಿದು ನನ್ನ ಮಾರಿ ನೋಡ್ತಾನ, ನಾನು ಒಂದ ಸ್ವರ ಕುಟಗೋತ ನಿಂತೇನಿ. ಹೊಸಬ ಕಣ್ಣು ಮುಚ್ಚಿ ಸ್ವರ್ಗದಾಗ. ಶೋ ಮುಗದ ಮ್ಯಾಲೆ ಜಗಳ ಆಗಿ, ಪ್ರಾಕ್ಟೀಸ್ ರೂಮಿಗೆ ಕೊಟ್ಟ 15,000 ಅಡ್ವಾನ್ಸೂ ಹೋತು, ಬ್ಯಾಂಡೂ ಹೋತು. ಓನರ್ ‘ಗ್ವಾಡಿಗೆ ಮೊಳಿ ಹೊಡದೀರಿ’ ಅಂತ ಒಂದು ಪೈಸಾ ತಿರುಗಿ ಕೊಡಲಿಲ್ಲ. ಮೊಳಿ ಹೊಡದದ್ದೂ ಆ ಹೊಸಬನ.

ಮತ್ತ ರಿಫ್ ಬಂದೀಶ್ ಅಂತ ಗದಗಿನವ್ರು ಹೇಳ್ಯಾರ, ಆದ್ರ ಆ ಬಂದೀಶನ್ನ ನಮ್ಮ ಕಡೆ ಎಷ್ಟು ಮಂದಿ ಸರಿ ಬಾರಿಸ್ತಾರ? ‘ಸ್ಮೋಕ್’ ರಿಫ್ ದಪ್ಪ ತಂತಿ ಮ್ಯಾಲಿನ ಪವರ್ ಕಾರ್ಡ್ ಅಲ್ಲ. ನಾಕನೇ, ಮೂರನೇ ತಂತಿ ಖುಲ್ಲಾ ಇಟ್ಟು ಶುರು, ಎರಡೂ ತಂತಿ ಒಮ್ಮೆಲೆ ಬೆರಳಿಂದ ಎಳಿಬೇಕು, ಪಿಕ್ ಬ್ಯಾಡ. ಸಾ-ಮಾ ಅಂತರ ಅದು. ಪವರ್ ಕಾರ್ಡ್ ಹಿಡಿದ್ರ ಸಾ-ಪಾ ಆಗಿ ಹಾಡ ಬ್ಯಾರೆ ಆಗ್ತದ.

ಸಪ್ತಾಪುರ ಸ್ಟ್ರಾಟ್:
ಇದು ನಾ ಹೇಳಿದ್ದ ಮಾತು. ಇದ್ದಂಗ ಬಾರಿಸಬೇಕು.

ವಿದ್ಯಾನಗರ ಬೇಸ್:
ನೀವು ಹೇಳಿದ್ದು ಫ್ರಿಜ್ಜಿನ ರೊಕ್ಕದ ಕಥಿ.

ರಾಣೆಬೆನ್ನೂರು ಓವರ್‌ಡ್ರೈವ್:
ಬ್ಲ್ಯಾಕ್‌ಮೋರ್, ಮೋರ್ಸ್ ಅಂತ ಬಡದಾಡ್ತೀರಿ, ನಡುವ ಟಾಮಿ ಬೋಲಿನ್ ಇದ್ದ ಅನ್ನೋದು ಯಾರಿಗೂ ನೆನಪಿಲ್ಲ. 1975ರಾಗ ಬ್ಲ್ಯಾಕ್‌ಮೋರ್ ಬಿಟ್ಟಾಗ ಬಂದಾಂವ. ಡಿಸೆಂಬರಿನಾಗ ಜಪಾನಿಗೆ ಹೋದ್ರು, ಅವನ ಎಡಗೈ ಸರಿ ಆಡ್ತಿರಲಿಲ್ಲ, ಅದರ ಮ್ಯಾಲೆ ಆ ಶೋ ರೆಕಾರ್ಡೂ ಆಗಿ ಹೋತು. 1976ರ ಮಾರ್ಚಿನಾಗ ಬ್ಯಾಂಡ್ ಒಡೀತು, ಡಿಸೆಂಬರಿನಾಗ ಹುಡುಗನ ಹ್ವಾದ, 25 ವರ್ಷಕ್ಕ. ಅಂವ ಬಾರಿಸಿದ್ದು ಸರಿನೋ ತಪ್ಪೋ ಅಂತ ಕೇಳಾಕ ಮಂದಿ ತಯಾರ ಇರಲಿಲ್ಲ, ರಿಚೀ ಎಲ್ಲಿ ಅಂದ್ರು.

ನನಗೂ ಹಂಗ ಕೂಗ್ಯಾರ. ಹಾವೇರ್ಯಾಗ ಒಂದು ಫೆಸ್ಟು. ಹಳೇ ಹುಡುಗನ ಹೆಸರು ಹಿಡಿದು ಮುಂದಿನ ಸಾಲಿನಾಗ ಕೂಗಾಕ ಹತ್ತಿದ್ರು. ನಾನು ಸ್ವರಕ್ಕ ಸ್ವರ ಕಲ್ತಿದ್ದೆ. ಆದ್ರೂ ಕೂಗಿದ್ರು. ಯಾಕಂದ್ರ ಅವರಿಗೆ ಬೇಕಿದ್ದದ್ದು ಸೋಲೋ ಅಲ್ಲ, ಅವ ಹಲ್ಲಿಲೆ ಗಿಟಾರ್ ಬಾರಿಸೋ ನಾಟಕ. ಅದಕ್ಕ ಸಪ್ತಾಪುರದ ಅಣ್ಣಾರ, ನಿಮ್ಮ 58,000ಕ್ಕ ಕಿವಿ ಕೊಡೂ ಮಂದಿ ನಿಮ್ಮ ಮನ್ಯಾಗಷ್ಟ ಅದಾರ. ತಮ್ಮಾ, ಮೊದ್ಲ ಎಂಟು ಬಾರ್ ಅವರಿಗೆ ಗೊತ್ತಿದ್ದಂಗ ಬಾರಿಸು, ಕೂಗೋರು ಸುಮ್ಮನಾಗ್ತಾರ. ಕೊನೀ ಓಟ ಇಡು, ಡ್ರಮ್ಮರಗ ಬೇಕು. ನಡುವಿಂದು ನಿಂದು.

ಕೇಶ್ವಾಪುರ ಸೌಂಡ್:
ಎಲ್ಲಾರೂ ಸ್ವರದ ಮಾತಾಡ್ತೀರಿ, ಕರೆಂಟಿನ ಮಾತು ಯಾರೂ ಆಡವಲ್ರಿ. ಜನರೇಟರ್ ಮ್ಯಾಲೆ ಲೈಟೂ ನಿಮ್ಮ ಆಂಪೂ ಒಂದ ಲೈನಿಗೆ ಹಚ್ಚಿದ್ರ 180 ವೋಲ್ಟಿಗೆ ಇಳೀತದ. ಟ್ಯೂಬ್ ಆಂಪ್ ಸೊರಗ್ತದ, ಪ್ರೊಸೆಸರ್ ನಡುವ ಬಂದ್ ಆಗಿ ಚಾಲೂ ಆಗ್ತದ. ಬ್ಯಾರೆ ಲೈನ್ ಕೇಳ್ರಿ, ಸ್ಟೆಬಿಲೈಸರ್ ನಾ 600ಕ್ಕ ಕೊಡ್ತೇನಿ. ಆಂಪ್ ಬಾಡಿಗಿ 2,500, ಪ್ರೊಸೆಸರ್ ಇದ್ರ ಅದು ಬ್ಯಾಡ, ಡಿಐ ಅನ್ನೋ ಜೋಡಣಿ ಬಾಕ್ಸಿಂದ ಸೀದಾ ಮಿಕ್ಸರಿಗೆ ಕೊಡ್ರಿ. ಡಿಐ ಅಂದ ಕೂಡಲೆ ನೆನಪಾತು, ಸಪ್ತಾಪುರದವ್ರ, ದೀಪಾವಳಿ ಶೋಕ್ಕ ಒಯ್ದದ್ದು ಎಲ್ಲೈತಿ?

ಸಪ್ತಾಪುರ ಸ್ಟ್ರಾಟ್:
ನಿಮ್ಮ ಹುಡುಗನ ಕೈಯಾಗ ಅವತ್ತ ಕೊಟ್ಟೇನಿ. ಟ್ಯೂಬ್ ಆಂಪ್ ಬಿಟ್ಟು ಮಿಕ್ಸರಿಗೆ ಹಚ್ಚಿದ್ರ ಅದು ಗಿಟಾರಲ್ಲ, ಕ್ಯಾಸಿಯೋ.

ಕೇಶ್ವಾಪುರ ಸೌಂಡ್:
ಹುಡುಗ ಇಲ್ಲೇ ನನ್ನ ಬಾಜೂಕ ನಿಂತಾನ, ಕೇಬಲ್ ಅಷ್ಟ ಕೊಟ್ಟಾರ ಅಂತಾನ. 3,800ರ ಬಾಕ್ಸ್ ಅದು.

ಗದಗಿನ ಆರನೇ ತಂತಿ:
ಇದ್ದದ್ದು ಇದ್ದಂಗ ತಿರುಗಿ ಕೊಡಬೇಕು ಸಪ್ತಾಪುರದವ್ರ, ಅದು ನಿಮ್ಮ ಸಿದ್ಧಾಂತನ ಅಲ್ಲೇನು?

ವಿದ್ಯಾನಗರ ಬೇಸ್:
ತಮ್ಮಾ ಹುಬ್ಬಳ್ಳಿಯಾಂವ, ಇವ್ರ ನಡುವ ಸಿಗಬ್ಯಾಡ. 1993ರಾಗ ಬ್ಲ್ಯಾಕ್‌ಮೋರ್ ಟೂರ್ ನಡುವ ಬಿಟ್ಟು ಹೋದಾಗ ಅವನ ಜಾಗಕ್ಕ ಬಂದ ಗಿಟಾರಿಸ್ಟ್ ಜೋ ಸಾಟ್ರಿಯಾನಿಗೆ ಸಿಕ್ಕದ್ದು ಭಾಳ ಕಡಿಮಿ ದಿನ. ಡಿಸೆಂಬರಿನಾಗ ಜಪಾನಿನ ಶೋ ದಾಟಿಸ್ದ. ನಿನಗ ಒಂದು ತಿಂಗಳೈತಿ. ಇವತ್ತ ಸಂಜಿಗೆ ಡ್ರಮ್ಮರನ್ನ ಕರದು ಕುಂಡ್ರಿಸಿ, ಸೋಲೋ ಎಷ್ಟು ಬಾರ್ ಅಂತ ಬಾಯಿಲೆ ಎಣಿಸಸು.