ಅಪ್‌ಡೇಟ್: ಸ್ವೀಡಿಷ್‌ನ ‘ಬೆಕ್’ ಪದದ ಮೂಲ

ಸ್ವೀಡಿಷ್‌ನಲ್ಲಿ ಸಣ್ಣ ತೊರೆಗೆ ಬಳಸುವ ‘ಬೆಕ್’ ಪದ ಎಲ್ಲಿಂದ ಬಂತು, ಅದಕ್ಕೆ ಸಂಸ್ಕೃತದ ನಂಟು ಇದೆಯೇ ಎಂದು ನಾನು ಕೇಳಿದ್ದೆ. ಉತ್ತರಿಸಿದವರಿಗೆಲ್ಲ ಕೃತಜ್ಞತೆಗಳು, ಅವರು ತೋರಿದ ದಾರಿಯಲ್ಲಿ ಓದಿ ತಿಳಿದದ್ದನ್ನು ಇಲ್ಲಿ ದಾಖಲಿಸುತ್ತಿದ್ದೇನೆ.

ಪದದ ಹಳೆಯ ರೂಪ ಪ್ರಾಚೀನ ನಾರ್ಸ್‌ನ (ಸ್ಕ್ಯಾಂಡಿನೇವಿಯಾದ ವೈಕಿಂಗರ ಕಾಲದ ಭಾಷೆ) ‘ಬೆಕ್ಕ್ರ್’. ಅದಕ್ಕೂ ಹಿಂದೆ, ಸ್ವೀಡಿಷ್, ಜರ್ಮನ್, ಡಚ್ ಮೊದಲಾದವುಗಳ ಪೂರ್ವಜ ಭಾಷೆಯಾದ ಮೂಲ ಜರ್ಮಾನಿಕ್‌ನಲ್ಲಿ ವಿದ್ವಾಂಸರು ಪುನಾರಚಿಸಿರುವ ರೂಪ ‘ಬಕಿಜ್’. ಅದರ ಎರಡನೆಯ ಅಕ್ಷರದಲ್ಲಿದ್ದ ‘ಇ’ಕಾರದ ಪ್ರಭಾವದಿಂದ ಮೊದಲಿನ ‘ಅ’ಕಾರವು ನಾರ್ಸ್‌ನಲ್ಲಿ ‘ಎ’ಕಾರವಾಯಿತು. ಜರ್ಮನ್ನಿನ ‘ಬಾಖ್’ (ಸಂಗೀತಗಾರ ಬಾಖ್‌ನ ಮನೆತನದ ಹೆಸರೂ ಇದೇ ಪದ) ಮತ್ತು ಡಚ್ಚಿನ ‘ಬೇಕ್’ ಇದರ ಸೋದರ ಪದಗಳು. ನನಗೆ ಹೆಚ್ಚು ಹಿಡಿಸಿದ್ದು ಈ ಪದದ ವಲಸೆ: ವೈಕಿಂಗರು ನೆಲೆಸಿದ ಉತ್ತರ ಇಂಗ್ಲೆಂಡಿನಲ್ಲಿ ತೊರೆಗೆ ಇಂದಿಗೂ ‘ಬೆಕ್’ ಎನ್ನುತ್ತಾರೆ, ಫ್ರಾನ್ಸಿನ ನಾರ್ಮಂಡಿಯಲ್ಲಿ ಬೊಲ್ಬೆಕ್, ಕೋಡ್‌ಬೆಕ್‌ನಂತಹ ಊರುಗಳ ಹೆಸರಿನ ಕೊನೆಯಲ್ಲಿ ಅದೇ ಪದ ಉಳಿದುಕೊಂಡಿದೆ.

ಸಂಸ್ಕೃತದ ವಿಷಯಕ್ಕೆ ಬಂದರೆ, ಅಲೆ ಎಂಬ ಅರ್ಥವೂ ಇರುವ ‘ಭಂಗ’ ಶಬ್ದದೊಂದಿಗೆ ಕೆಲವರು ಇದನ್ನು ಜೋಡಿಸುತ್ತಾರೆ. ಸಂಸ್ಕೃತದ ‘ಭ’ಕಾರಕ್ಕೆ ಜರ್ಮಾನಿಕ್‌ನಲ್ಲಿ ‘ಬ’ಕಾರ, ‘ಗ’ಕಾರಕ್ಕೆ ‘ಕ’ಕಾರ ಬರುವುದು ನಿಯಮಬದ್ಧವೇ ಆದ್ದರಿಂದ ಧ್ವನಿಯ ದೃಷ್ಟಿಯಿಂದ ಅಡ್ಡಿಯಿಲ್ಲ, ಆದರೂ ಇದು ಸಾಧ್ಯತೆಯೇ ಹೊರತು ಸಿದ್ಧಪಟ್ಟ ಸಂಗತಿಯಲ್ಲ. ಇದಕ್ಕೆ ಹೋಲಿಸಿದರೆ, ಬೆಕ್‌ಗಿಂತ ದೊಡ್ಡ ಹೊಳೆಯನ್ನು ಸೂಚಿಸುವ, ಸ್ವೀಡನ್ನಿನ ಉಮಿಯೊ, ಲುಲಿಯೊ ಪಟ್ಟಣಗಳ ಹೆಸರಿನ ಕೊನೆಯಲ್ಲಿರುವ ‘ಓ’ ಎಂಬ ಒಂದಕ್ಷರದ ಪದಕ್ಕೂ ಲ್ಯಾಟಿನ್ನಿನ ‘ಆಕ್ವ’ಕ್ಕೂ ಇರುವ ಸಂಬಂಧ ಹೆಚ್ಚು ಗಟ್ಟಿಯಾದದ್ದು.