ಎಡಗಡೆ ಬೀಜದ (ವೃಷಣದ) ಸ್ಕ್ಯಾನಿಂಗ್: ನಿಲ್ಲಿಸಿ ಯಾಕೆ ನೋಡಿದರು?

ಮೂಡಿಗೆರೆಯಿಂದ:
ನನಗೆ 27 ವರ್ಷ. ಕಾಫಿ ಮೂಟೆ ಹೊತ್ತ ದಿನ ಸಂಜೆ ಎಡಗಡೆ ಬೀಜ ಜಗ್ಗಿದ ಹಾಗೆ ನೋವು. ಮಲಗಿದರೆ ಕಡಿಮೆ. ನಿನ್ನೆ ಹಾಸನದಲ್ಲಿ ಸ್ಕ್ಯಾನಿಂಗ್ ಆಯಿತು. ಮೊದಲು ಮಲಗಿಸಿ ನೋಡಿದರು, ಆಮೇಲೆ ನಿಲ್ಲಿಸಿ ಉಸಿರು ಬಿಗಿಹಿಡಿದು ಮುಕ್ಕಲು ಹೇಳಿದರು. ರಿಪೋರ್ಟಿನಲ್ಲಿ ‘ವೆರಿಕೋಸೀಲ್, 3.4 ಮಿ.ಮೀ.’ ಅಂತಿದೆ. ಮುಂದಿನ ವರ್ಷ ಮದುವೆ. ಮನೆಯಲ್ಲಿ ಹೇಳಲು ನಾಚಿಕೆ. ಏನಿದು?

ಸ್ಕ್ಯಾನಿಂಗ್ ಡಾಕ್ಟರ್, ಹಾಸನ:
ಗಾಬರಿ ಬೇಡಪ್ಪ. ವೆರಿಕೋಸೀಲ್ ಅಂದರೆ ಬೀಜದಿಂದ ರಕ್ತ ವಾಪಸ್ ಒಯ್ಯುವ ನಾಳಗಳು ಉಬ್ಬಿವೆ ಅಂತ. 3.4 ಮಿ.ಮೀ. ಅನ್ನುವುದು ಆ ನಾಳದ ಅಗಲ. 100 ಗಂಡಸರಲ್ಲಿ ಸುಮಾರು 15 ಜನರಿಗೆ ಇರುತ್ತದೆ. ಎಡಗಡೆಯೇ ಜಾಸ್ತಿ. ಅಲ್ಲಿನ ನಾಳ ಮೇಲಕ್ಕೆ ಹೋಗಿ ಎಡ ಕಿಡ್ನಿಯ ರಕ್ತನಾಳಕ್ಕೆ ಅಡ್ಡಲಾಗಿ ಸೇರುತ್ತದೆ. ಬಲಗಡೆಯದು ಹೊಟ್ಟೆಯ ದೊಡ್ಡ ನಾಳಕ್ಕೇ ಓರೆಯಾಗಿ ಸೇರುತ್ತದೆ. ನಿಂತು ಮುಕ್ಕಿದಾಗ ಎಡಗಡೆ ರಕ್ತ ಹಿಂದಕ್ಕೆ ಇಳಿಯುತ್ತದೆ. ರಕ್ತದ ಹರಿವನ್ನು ಬಣ್ಣದಲ್ಲಿ ತೋರಿಸುವ ಡಾಪ್ಲರ್ ಹಾಕಿದರೆ ಬೂದು ಪರದೆ ಮೇಲೆ ಬೀಜದ ಹಿಂದೆ ಹುಳುಗಳ ಗೊಂಚಲಿನಂತೆ ಕಾಣುವ ಜಾಗಕ್ಕೆ ಒಮ್ಮೆಲೇ ಬಣ್ಣ ತುಂಬುತ್ತದೆ. ಮಲಗಿದ್ದಾಗ ಅದು ಕಣ್ಣಿಗೆ ಬೀಳದೇ ಇರಬಹುದು, ಅದಕ್ಕೇ ನಿಲ್ಲಿಸುವುದು.

ರಿಪೋರ್ಟಿನಲ್ಲಿ ಬೀಜದ ಅಳತೆ ನೋಡು. ಎರಡೂ 4 ಸೆಂ.ಮೀ. ಆಸುಪಾಸು, ಸಮ ಇದ್ದರೆ ಒಳ್ಳೆಯದು. ವೀರ್ಯ ಪರೀಕ್ಷೆ ಮಾಡಿಸಿ ಯೂರಾಲಜಿ ಡಾಕ್ಟರಿಗೆ ತೋರಿಸು. ತುಂಬ ಜನರಿಗೆ ಆಪರೇಷನ್ನೇ ಬೇಕಾಗುವುದಿಲ್ಲ.

ಸಕಲೇಶಪುರದಿಂದ:
ನನಗೂ ಇದೆ, ಇಬ್ಬರು ಮಕ್ಕಳಿದ್ದಾರೆ. ಬಿಗಿ ಒಳಚಡ್ಡಿ ಹಾಕಿದರೆ ಎಳೆತ ಕಡಿಮೆ. ಮನೆಯಲ್ಲಿ ಹೇಳಿ, ಸುಮ್ನೆ ಒಬ್ಬರೇ ಕೊರಗಬೇಡಿ.

ಸ್ಕ್ಯಾನಿಂಗ್ ಡಾಕ್ಟರ್, ಹಾಸನ:
ಒಂದು ಮಾತು ಬಿಟ್ಟಿದ್ದೆ. ದಿಢೀರ್ ಜೋರು ನೋವು, ವಾಂತಿ ಬಂದರೆ ಅದು ಬೀಜ ತಿರುಚಿಕೊಂಡಿರಬಹುದು. ನೋವು ಶುರುವಾಗಿ 6 ತಾಸಿನೊಳಗೆ ಆಪರೇಷನ್ ಆಗಬೇಕು. ಬೆಳಗಾಗಲಿ ಅಂತ ಕಾಯಬೇಡಿ, ರಾತ್ರಿಯೇ ಹೊರಡಿ.

ಮೂಡಿಗೆರೆಯಿಂದ:
ಈಗಷ್ಟೇ ಅಣ್ಣನಿಗೆ ಹೇಳಿದೆ. ಸೋಮವಾರ ಜೊತೆಗೆ ಬರುತ್ತಾನಂತೆ.