ಸಹಾಯ ಬೇಕು: ಇಂಟೆಲ್ ಕೋರ್ ಅಲ್ಟ್ರಾ 7 258ವಿ ಪ್ರೊಸೆಸರ್ ಇರೋ ಲ್ಯಾಪ್‌ಟಾಪ್ ತಗೊಳ್ಳೋದಾ, ಎಎಂಡಿ ರೈಜೆನ್ ಎಐ 7 350 ಇರೋದು ತಗೊಳ್ಳೋದಾ?

ಕೆಲಸ ಆಂಡ್ರಾಯ್ಡ್ ಸ್ಟುಡಿಯೋ (ಆಂಡ್ರಾಯ್ಡ್ ಆ್ಯಪ್ ಬರೆಯೋ ಸಾಫ್ಟ್‌ವೇರ್), ಎಮ್ಯುಲೇಟರ್ (ಕಂಪ್ಯೂಟರ್ ಒಳಗೇ ಓಡೋ ನಕಲು ಫೋನ್), ಜೊತೆಗೆ ಡಾಕರ್‌ನಲ್ಲಿ ಎರಡು-ಮೂರು ಕಂಟೇನರ್ (ಬೇರೆಬೇರೆಯಾಗಿ ಓಡೋ ಪ್ರೋಗ್ರಾಂ ಪೊಟ್ಟಣ). ಗೇಮಿಂಗ್ ಇಲ್ಲ.

ಎರಡರಲ್ಲೂ 8 ಕೋರ್. ಆದ್ರೆ ಈ ಇಂಟೆಲ್‌ನಲ್ಲಿ ಹೈಪರ್‌ಥ್ರೆಡಿಂಗ್ (ಒಂದೇ ಕೋರ್ ಒಟ್ಟಿಗೆ ಎರಡು ಥ್ರೆಡ್, ಅಂದ್ರೆ ಎರಡು ಕೆಲಸದ ಸಾಲು ನಡೆಸೋದು) ಇಲ್ಲ, ಹಾಗಾಗಿ ಥ್ರೆಡ್ 8 ಮಾತ್ರ, ಎಎಂಡಿಯಲ್ಲಿ 16. ಇಂಟೆಲ್‌ನ 32 ಜಿಬಿ ರ‍್ಯಾಮ್ ಪ್ರೊಸೆಸರ್ ಪ್ಯಾಕೇಜ್ ಮೇಲೇ ಕೂತಿರುತ್ತೆ, ಮುಂದೆ ಒಂದು ಜಿಬಿನೂ ಸೇರಿಸೋಕಾಗಲ್ಲ. ನೋಡಿರೋ ಎಎಂಡಿ ಮಾಡೆಲ್‌ನಲ್ಲಿ ಎರಡು ಸ್ಲಾಟ್ ಇದೆ, 64ಕ್ಕೆ ಏರಿಸಬಹುದು.

ಸಿನೆಬೆಂಚ್ (ಪ್ರೊಸೆಸರ್ ವೇಗ ಅಳೆಯೋ ಪರೀಕ್ಷೆ) ಅಂಕ ಹೋಲಿಸಿ ನೋಡಿದ್ದಾಯ್ತು, ಗೊಂದಲ ಇನ್ನೂ ಜಾಸ್ತಿ ಆಯ್ತು. 350ರ ಟಿಡಿಪಿಯನ್ನ (ಚಿಪ್‌ಗೆ ಇಡೋ ವಿದ್ಯುತ್ ಮಿತಿ) ಲ್ಯಾಪ್‌ಟಾಪ್ ಮಾಡೋರು 15ರಿಂದ 54 ವಾಟ್‌ವರೆಗೆ ಎಲ್ಲಿ ಬೇಕಾದ್ರೂ ಇಡಬಹುದು. ಅದೇ ಚಿಪ್ ತೆಳು ಲ್ಯಾಪ್‌ಟಾಪ್‌ನಲ್ಲಿ ಒಂಥರಾ, ದಪ್ಪದರಲ್ಲಿ ಇನ್ನೊಂಥರಾ. ಒಂದೇ ಸಲ ಓಡಿಸಿದ ಅಂಕಕ್ಕೂ 10 ನಿಮಿಷ ಬಿಡದೆ ಓಡಿಸಿದ್ದಕ್ಕೂ ತಾಳೆಯಾಗಲ್ಲ. ಅದೂ ಬಹುಪಾಲು ಚಾರ್ಜರ್ ಹಾಕ್ಕೊಂಡೇ ಅಳೆದದ್ದು.

(ರೈಜೆನ್ 7 250 ಹೇಳಬೇಡಿ. ಹೆಸರು ಹೊಸದು, ಒಳಗಿರೋದು ಎಎಂಡಿಯ ಹಳೇ ಜೆನ್ 4 ವಿನ್ಯಾಸ.)

ಪ್ರಶ್ನೆ ಇಷ್ಟೇ: ಚಾರ್ಜರ್ ತೆಗೆದು, ಗ್ರೇಡಲ್ ಕ್ಲೀನ್ ಬಿಲ್ಡ್ (ಇಡೀ ಆ್ಯಪನ್ನ ಮೊದಲಿಂದ ಮತ್ತೆ ಕಟ್ಟೋದು) ಸತತ ಮೂರು ಸಲ ಓಡಿಸಿದ್ರೆ ಯಾವುದು ಹೆಚ್ಚು ವೇಗ ಕಳ್ಕೊಳ್ಳುತ್ತೆ? ಬಳಸ್ತಿರೋರು ಮೊದಲನೇ ಮತ್ತು ಮೂರನೇ ಬಿಲ್ಡಿನ ಸಮಯ, ಲ್ಯಾಪ್‌ಟಾಪ್ ಮಾಡೆಲ್, ವಿಂಡೋಸ್ ಪವರ್ ಮೋಡ್ ಯಾವುದಿತ್ತು ಅಂತ ತಿಳಿಸ್ತೀರಾ?